ಫಿಜಿಯಲ್ಲಿ ಮನೆ ನಮ್ಮದು, ನೆಲ ಅವರದು

ಫಿಜಿಗೆ ಹೋಗುವ ಟಿಕೆಟ್‌ನಲ್ಲಿರುವ ವಿಮಾನ ನಿಲ್ದಾಣದ ಹೆಸರನ್ನು ನಾವು ‘ನದಿ’ ಎಂದು ಓದುತ್ತೇವೆ. ಅಲ್ಲಿನವರ ಬಾಯಲ್ಲಿ ಅದು ‘ನಂದಿ’! ಕನ್ನಡಿಗರ ಕಿವಿಗೆ ಊರಿಗೇ ಬಂದಂತೆ ಕೇಳಿಸುವ ಈ ಹೆಸರು ಅಪ್ಪಟ ಫಿಜಿಯದ್ದೇ.

ನಾನು ಮಂಡ್ಯ ಕಡೆಯವನು. ಪುಣೆಯಲ್ಲಿ 12 ವರ್ಷಗಳಿಂದ ಸಕ್ಕರೆ ಕಾರ್ಖಾನೆಯ ಯಂತ್ರಗಳ ಕೆಲಸ. ಅದೇ ಕೆಲಸದ ಮೇಲೆ ನಂದಿಗೆ ಹತ್ತಿರದ ಲೌಟೋಕಾದಲ್ಲಿ ಮೂರು ವಾರ ಇದ್ದೆ. ಅಲ್ಲಿನ ಸಕ್ಕರೆ ಕಾರ್ಖಾನೆ 1903ರಷ್ಟು ಹಳೆಯದು. ಕಬ್ಬು ಹೊತ್ತ ಪುಟ್ಟ ರೈಲು ಗದ್ದೆಗಳ ನಡುವೆಯೇ ಸಾಗುತ್ತದೆ.

ಫಿಜಿಯಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ. ದೊಡ್ಡದು ವಿಟಿ ಲೆವು. ಕೊಡಗಿನಂಥ ಎರಡೂವರೆ ಜಿಲ್ಲೆಯಷ್ಟು ವಿಸ್ತಾರ. ನಡುವೆ ಬೆಟ್ಟಸಾಲು. ಗಾಳಿ ಆಗ್ನೇಯದಿಂದ ಬರುವುದರಿಂದ ರಾಜಧಾನಿ ಸುವಾ ಕಡೆ ಜೋರು ಮಳೆ. ಬೆಟ್ಟದ ಈಚೆಗಿನ ನಂದಿ, ಲೌಟೋಕಾ ಬಿಸಿಲುನಾಡು. ನಮ್ಮ ಘಟ್ಟದ ಲೆಕ್ಕವೇ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಮೇ–ಅಕ್ಟೋಬರ್ ಪ್ರವಾಸಕ್ಕೆ ಒಳ್ಳೆಯದು.

ಹಳ್ಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮಾರುಕಟ್ಟೆಯಲ್ಲಿ ‘ಯಂಗೋನಾ’ ಬೇರಿನ ಕಟ್ಟು ಸಿಗುತ್ತದೆ. ಅದನ್ನು ಹಿರಿಯರ ಮುಂದಿಟ್ಟು ಒಳಬರಲು ಅನುಮತಿ ಕೇಳುವುದೇ ‘ಸೆವುಸೆವು’. ಟೋಪಿ, ತಂಪು ಕನ್ನಡಕ ತೆಗೆಯಬೇಕು. ಭುಜ, ಮೊಣಕಾಲು ಮುಚ್ಚಿರಬೇಕು. ಬೇರಿನ ಪುಡಿ ಕಲಸಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಒಮ್ಮೆ ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಚಪ್ಪಾಳೆ. ರುಚಿ ಮಣ್ಣಿನದು, ನಾಲಿಗೆ ಜುಮ್ಮೆನ್ನುತ್ತದೆ.

ಈ ಅನುಮತಿಗೆ ಅರ್ಥವಿದೆ. ದೇಶದ ಶೇ 80ಕ್ಕೂ ಹೆಚ್ಚು ನೆಲ ಮೂಲನಿವಾಸಿ ಇತೌಕೇ ಕುಲಗಳದ್ದು. ಮಾರುವಂತಿಲ್ಲ, ಗುತ್ತಿಗೆಗೆ ಮಾತ್ರ ಕೊಡಬಹುದು.

ಆ ನೆಲದಲ್ಲಿ ಕಬ್ಬು ಬೆಳೆದವರು ಹೆಚ್ಚಾಗಿ ನಮ್ಮವರು. 1879ರಲ್ಲಿ ‘ಲಿಯೊನಿಡಾಸ್’ ಹಡಗಿನಿಂದ ಶುರುವಾಗಿ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಐದು ವರ್ಷದ ಕರಾರಿನ ಮೇಲೆ ಕರೆದೊಯ್ದರು. ‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. 1990ರ ದಶಕದ ಕೊನೆಯಿಂದ 30 ವರ್ಷದ ಗುತ್ತಿಗೆಗಳು ಮುಗಿಯತೊಡಗಿದಾಗ ಎಷ್ಟೋ ಕುಟುಂಬಗಳು ಗದ್ದೆ ಬಿಟ್ಟು ಎದ್ದವು. 1987 ಮತ್ತು 2000ದ ಕ್ಷಿಪ್ರಕ್ರಾಂತಿಗಳ ಬಳಿಕ ಅನೇಕರು ದೇಶವನ್ನೇ ಬಿಟ್ಟರು.

‘ಮನೆ ನಮ್ಮದು, ನೆಲ ಅವರದು ಭೈಯಾ’ ಎಂದರು ನಾಲ್ಕನೇ ತಲೆಮಾರಿನ ನನ್ನ ಸಹೋದ್ಯೋಗಿ. ಅದರಲ್ಲಿ ದೂರಿನ ದನಿ ಇರಲಿಲ್ಲ. ನೆರೆಯ ಹಳ್ಳಿಯ ಸೆವುಸೆವುಗೆ ನನ್ನನ್ನು ಕರೆದೊಯ್ದವರೂ ಅವರೇ.

ನಂದಿಯ ಸುಬ್ರಹ್ಮಣ್ಯ ದೇವಸ್ಥಾನದ ಗೋಪುರ ಥೇಟ್ ನಮ್ಮ ದಕ್ಷಿಣದ್ದು. ಅಲ್ಲಿ ಸಿಕ್ಕ ವೃದ್ಧೆಯೊಬ್ಬರು ಫಿಜಿ ಹಿಂದಿಯಲ್ಲಿ ಹೇಳಿದರು: ‘ಅಜ್ಜಿ ತಮಿಳಿನಲ್ಲಿ ಬೈಯುತ್ತಿದ್ದಳು. ಆ ಬೈಗುಳಗಳಷ್ಟೇ ನನಗೆ ಉಳಿದಿವೆ.’ ತಮಿಳು, ತೆಲುಗು, ಮಲಯಾಳಂ ಮನೆಗಳಲ್ಲೂ ಈಗ ಹೆಚ್ಚಾಗಿ ಫಿಜಿ ಹಿಂದಿಯೇ ಮನೆಮಾತು. ಪುಣೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವ ಮಗಳು ನೆನಪಾದಳು. ನಮ್ಮಲ್ಲಿ ಇದು ಬರೀ ಎರಡನೇ ತಲೆಮಾರು.

ಫಿಜಿಗೆ ಹೋದರೆ ಬೀಚ್‌ಗೆ ಎರಡು ದಿನ ಸಾಕು. ಒಂದು ದಿನ ಹಳ್ಳಿಗೆ, ಇನ್ನೊಂದು ದಿನ ಲೌಟೋಕಾದ ಕಬ್ಬಿನ ಗದ್ದೆಗೆ ಇರಲಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.