ಹೂಜಿ ಉಳಿಯಿತು, ದಾಳದ ತಟ್ಟೆ ಹೋಯಿತು

ಫ್ರಾನ್ಸಿನ ಒಂದು ಕಾನೂನಿನಲ್ಲಿ ಸಣ್ಣದೊಂದು ಷರತ್ತಿದೆ. ಮದ್ಯದ ಕಂಪನಿಗಳು ತಮ್ಮ ಹೆಸರು ಅಚ್ಚು ಹಾಕಿಸಿದ ವಸ್ತುಗಳನ್ನು ಗಿರಾಕಿಗಳಿಗೂ ಅಂಗಡಿಯವರಿಗೂ ಕೊಡಬಹುದು. ಆದರೆ ಆ ವಸ್ತು ಕುಡಿಯುವುದಕ್ಕಷ್ಟೇ ಬಳಕೆಯಾಗುವಂಥದ್ದಾಗಿರಬೇಕು. 1991ರ ಜನವರಿ 10ರ ಈ ಕಾನೂನನ್ನು ಅಲ್ಲಿನವರು ಕರೆಯುವುದು ಆಗ ಆರೋಗ್ಯ ಖಾತೆ ನೋಡಿಕೊಳ್ಳುತ್ತಿದ್ದ ಸಚಿವ ಕ್ಲೋದ್ ಎವಾಂ ಅವರ ಹೆಸರಿನಿಂದ. ಲೋಟವಿಲ್ಲದೆ ಕುಡಿಯುವುದಾಗದು, ಹಾಗಾಗಿ ಲೋಟ ಪಾಸಾಯಿತು. ನೀರು ಬೆರೆಸದೆ ಕುಡಿಯಲಾಗದ ಮದ್ಯವಿರುವುದರಿಂದ ನೀರಿನ ಹೂಜಿಯೂ ಪಾಸಾಯಿತು. ಇಸ್ಪೀಟು, ದಾಳ, ಆಟದ ತಟ್ಟೆ, ಆಟದ ಹಾಸು ಇವು ಯಾವುದೂ ಕುಡಿಯುವುದಕ್ಕೆ ಬೇಕಾದವಲ್ಲ. ಕೆಫೆಗಳ ಮೇಜಿನ ಮೇಲೆ ಹತ್ತಾರು ವರ್ಷ ಉರುಳಾಡಿದ್ದ ಈ ಸಾಮಾನುಗಳ ಹೊಸ ಸರಬರಾಜು ಅಲ್ಲಿಗೆ ನಿಂತುಹೋಯಿತು. ಇಂದು ಹಳೆ ಸಾಮಾನಿನ ಸಂತೆಗಳಲ್ಲಿ ಅವುಗಳನ್ನು ಹುಡುಕಿ ಕೂಡಿಡುವವರ ಹವ್ಯಾಸ ನಿಂತಿರುವುದು ಇದೇ ಷರತ್ತಿನ ಮೇಲೆ.

ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ದಾಳದ ತಟ್ಟೆ. ದುಂಡಗೆ ಅಥವಾ ಎಂಟು ಮೂಲೆಯದಾಗಿ, ದಾಳ ಹೊರಗೆ ಹಾರದಂತೆ ಎತ್ತರದ ಅಂಚಿರುತ್ತದೆ. ಒಳಗೆ ಹಸಿರು ಇಲ್ಲವೆ ಕೆಂಪು ಬನಾತು. ಅಂಚಿನ ಸುತ್ತಲೂ ಮದ್ಯದ ಹೆಸರು. ಯಾರು ಯಾವ ಕಡೆ ಕೂತರೂ ಕಣ್ಣಿಗೆ ಬೀಳಲಿ ಎಂದು ಅದೇ ಹೆಸರನ್ನು ನಾಲ್ಕೈದು ಸಲ ಬರೆದಿರುತ್ತಾರೆ. ಜೊತೆಗೆ ಮೂರು ದಾಳ, 21 ಬಿಲ್ಲೆ. ಆಟದ ಹೆಸರು ನಾನೂರ ಇಪ್ಪತ್ತೊಂದು: ಮೂರು ದಾಳಗಳಲ್ಲಿ 4, 2, 1 ಬಿದ್ದರೆ ಅದಕ್ಕಿಂತ ದೊಡ್ಡದಿಲ್ಲ. ಮೊದಲ ಹಂತದಲ್ಲಿ ಬಿಲ್ಲೆಗಳೆಲ್ಲ ನಡುವೆ ಇರುತ್ತವೆ. ಕಡಿಮೆ ಬಿದ್ದವನು ಗೆದ್ದವನ ದಾಳದ ಬೆಲೆಯಷ್ಟು ಬಿಲ್ಲೆಗಳನ್ನು ಎತ್ತಿಕೊಳ್ಳಬೇಕು. ರಾಶಿ ಖಾಲಿಯಾದ ಮೇಲೆ ಎರಡನೆಯ ಹಂತ. ಆಗ ಗೆದ್ದವನು ತನ್ನ ಬಿಲ್ಲೆಗಳನ್ನು ಸೋತವನ ಕಡೆ ತಳ್ಳುತ್ತಾನೆ. ಎಲ್ಲರ ಬಿಲ್ಲೆಯೂ ಒಬ್ಬನ ಮುಂದೆ ಬಂದು ಬಿದ್ದರೆ ಆಟ ಮುಗಿಯಿತು, ಆ ಸುತ್ತಿನ ಕುಡಿತದ ದುಡ್ಡು ಅವನೇ ಕೊಡಬೇಕು. ಮದ್ಯದ ಕಂಪನಿಗೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದುಂಟೇ? ಸೋತವನು ಕೊಂಡುಕೊಳ್ಳಲೇಬೇಕು, ಕೊಳ್ಳುವ ಹೊತ್ತಿಗೆ ಅವನ ಕಣ್ಣೆದುರಿಗೆ ಇರುವುದು ತಟ್ಟೆಯ ಅಂಚಿನ ಹೆಸರು.

ಇಸ್ಪೀಟಿನ ಕಡೆ ರಾಜ್ಯಭಾರ ಬೆಲೋತ್ ಆಟದ್ದು. 32 ಎಲೆ, ಇಬ್ಬಿಬ್ಬರ ಎರಡು ಜೋಡಿ. ನಮ್ಮಲ್ಲಿ ಇಪ್ಪತ್ತೆಂಟು ಆಡಿದವರಿಗೆ ಇದನ್ನು ಕಲಿಸುವ ಕಷ್ಟವಿಲ್ಲ, ಏಕೆಂದರೆ ಇಲ್ಲೂ ತುರುಫಿನಲ್ಲಿ ಗುಲಾಮನೇ ದೊಡ್ಡವನು, ಅವನ ನಂತರ ಒಂಬತ್ತು. ತುರುಫಿನ ಗುಲಾಮನಿಗೆ 20, ಒಂಬತ್ತಕ್ಕೆ 14. ಕಂಪನಿಗಳು ಈ ಆಟಕ್ಕೆಂದೇ 32 ಎಲೆಯ ಕಟ್ಟುಗಳನ್ನೂ, ಮೇಜಿನ ಮೇಲೆ ಹಾಸಲು ಬನಾತಿನ ಚೌಕವನ್ನೂ ಕೊಡುತ್ತಿದ್ದವು. ಎಲೆಯ ಬೆನ್ನಿನ ಮೇಲೆ ಬಿರ್, ದ್ಯುಬೊನೆ, ಸಿಂಜಾನೊ, ಪೆರ್ನೊ, ರಿಕಾರ್. ಎದುರಾಳಿಯ ಕೈಯಲ್ಲೇನಿದೆ ಎಂದು ಗಂಟೆಗಟ್ಟಲೆ ದಿಟ್ಟಿಸುವವನಿಗೆ ಕಾಣುತ್ತಿದ್ದದ್ದು ಆ ಹೆಸರು ಮಾತ್ರ.

ಕೊನೆಯ ಹೆಸರಿನ ಹಿಂದಿರುವ ಮನುಷ್ಯನೇ ಈ ಕಥೆಯ ನಾಯಕ. ಪೋಲ್ ರಿಕಾರ್ 1909ರಲ್ಲಿ ಮಾರ್ಸೆಯ್ ನಗರದಂಚಿನ ಸ್ಯಾಂತ್ ಮಾರ್ತ್‌ನಲ್ಲಿ ಹುಟ್ಟಿದವನು. ತಂದೆ ವೈನ್ ವ್ಯಾಪಾರಿ. ಹುಡುಗನಿಗೆ ಚಿತ್ರಕಾರನಾಗುವ ಆಸೆ, ಮನೆಯವರು ಒಪ್ಪಲಿಲ್ಲ. 1915ರಲ್ಲಿ ಸರ್ಕಾರ ಅಬ್ಸಿಂತ್ ಎಂಬ ಕಡು ಮದ್ಯವನ್ನು ನಿಷೇಧಿಸಿದ ಮೇಲೆ, ಅದೇ ಘಮದ ಬೇರೆ ಪಾನೀಯಗಳಿಗಾಗಿ ದಕ್ಷಿಣದ ಜನ ಹಂಬಲಿಸುತ್ತಿದ್ದರು. ಚಕ್ರಮೊಗ್ಗಿನ ಪರಿಮಳ, ಜ್ಯೇಷ್ಠಮಧುವಿನ ಸಿಹಿ ಸೇರಿದ ಪಾಸ್ತಿಸ್ ಆ ಜಾಗಕ್ಕೆ ಬಂತು. ರಿಕಾರ್ 1932ರಲ್ಲಿ ತನ್ನದೇ ಹೆಸರಿನ ಪಾಸ್ತಿಸ್ ಮಾರುಕಟ್ಟೆಗೆ ತಂದ. ಮಾರ್ಸೆಯ್‌ನ ಬಾರುಗಳಿಗೆ ತಾನೇ ಅಲೆದು ಗಿರಾಕಿ ಹಿಡಿದ. ಕೈಯಲ್ಲಿ ಕುಂಚ ಹಿಡಿಯಲಾಗದ ಸಂಕಟವನ್ನೆಲ್ಲ ಅವನು ಜಾಹೀರಾತಿನಲ್ಲಿ ತೀರಿಸಿಕೊಂಡ. ಲೇಬಲ್ಲು, ಪೋಸ್ಟರು ಅವನ ಕೈಯವೇ. ಒಂದು ಪಾಲು ಪಾಸ್ತಿಸ್‌ಗೆ ಐದು ಪಾಲು ತಣ್ಣೀರು ಬೇಕು, ನೀರು ಬಿದ್ದೊಡನೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಆ ನೀರಿಗಾಗಿ 1935ರಲ್ಲಿ ಅವನು ಕಾವಿ ಹಳದಿ ಬಣ್ಣದ ಪಿಂಗಾಣಿ ಹೂಜಿಯೊಂದನ್ನು ರೂಪಿಸಿದ. ಮುಂದೆ ಕಾನೂನಿನ ಜರಡಿಯಲ್ಲಿ ಉಳಿದದ್ದು ಆ ಬಗೆಯ ಹೂಜಿಯೇ.

ಯುದ್ಧ ಬಂತು. 1940ರಲ್ಲಿ, ಜರ್ಮನಿಗೆ ಸೋತ ಫ್ರಾನ್ಸಿನ ವಿಶಿ ಸರ್ಕಾರ 16 ಡಿಗ್ರಿಗಿಂತ (ಶೇಕಡಾ 16 ಮದ್ಯಸಾರಕ್ಕಿಂತ) ಕಡುವಾದ, ಊಟಕ್ಕೆ ಮುಂಚೆ ಕುಡಿಯುವ ಅಪೆರಿತಿಫ್‌ಗಳನ್ನೆಲ್ಲ ನಿಷೇಧಿಸಿತು. ರಿಕಾರ್ ಕಮಾರ್ಗ್ ಎಂಬ ಜೌಗು ನಾಡಿಗೆ ಹೋಗಿ ಭತ್ತ ಬೆಳೆದ. ಆ ವರ್ಷಗಳನ್ನು ದಾಟಿ ಬರೋಣ.

ಅಸಲು ತಿರುವು ಇರುವುದು 1951ರಲ್ಲಿ. 45 ಡಿಗ್ರಿಯ ಪಾಸ್ತಿಸ್ ಮಾರಲು ಆ ವರ್ಷ ಮತ್ತೆ ದಾರಿಯಾಯಿತು, ಆದರೆ ಅದರ ಜಾಹೀರಾತಿಗೆ ಕಾನೂನು ಬೀಗ ಹಾಕಿತು. ಕಾನೂನು ಮದ್ಯಗಳನ್ನು ಗುಂಪು ಗುಂಪಾಗಿ ವಿಂಗಡಿಸಿತ್ತು. ಕೆಲವಕ್ಕೆ ಪೂರ್ತಿ ಸ್ವಾತಂತ್ರ್ಯ, ಕೆಲವಕ್ಕೆ ಅರ್ಧ, ಸೋಂಪಿನ ಘಮದ ಪಾಸ್ತಿಸ್ ಮತ್ತು ಹೊರನಾಡಿನಿಂದ ಬರುವ ವಿಸ್ಕಿಗೆ ಏನೂ ಇಲ್ಲ. ಗೋಡೆಯ ಮೇಲೆ ಹೆಸರು ಬರೆಯಲಾಗದವನು ಮೇಜಿನ ಮೇಲೆ ಬರೆದ. ರಿಕಾರ್ ತನ್ನ ಮಾರಾಟಗಾರರನ್ನು ದೇಶದ ಮೂಲೆಮೂಲೆಯ ಬಾರುಗಳಿಗೆ ಅಟ್ಟಿದ. ಅವರ ಜೊತೆ ಬೂದಿ ಬಟ್ಟಲು, ಲೋಟ, ಹೂಜಿ, ಇಸ್ಪೀಟು ಕಟ್ಟು, ಆಟದ ಹಾಸು, ದಾಳದ ತಟ್ಟೆ ಹೋದವು. ಮುಂದೆ ಫ್ರಾನ್ಸಿನ ಗೃಹಮಂತ್ರಿಯಾದ ಶಾರ್ಲ್ ಪಾಸ್ಕ್ವಾ 1950ರ ದಶಕದಲ್ಲಿ ರಿಕಾರ್ ಕಂಪನಿಯಲ್ಲಿ ಮಾರಾಟಗಾರನಾಗಿಯೇ ವೃತ್ತಿ ಹಿಡಿದವರು. ಸೈಕಲ್ ರೇಸು ತೂರ್ ದ ಫ್ರಾನ್ಸ್ ಹಾದುಹೋಗುವ ದಾರಿಯುದ್ದಕ್ಕೂ ಕಂಪನಿಯ ಗಾಡಿಗಳು ಓಡಿದವು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ರಿಕಾರ್ ಪ್ಯಾರಿಸ್ಸಿನಲ್ಲಿ ಒಂಟೆಗಳ ಮೇಲೆ ಸರಕು ಸಾಗಿಸಿದ. ಒಂಟೆಗಳಿಗೆ ಜಾಹೀರಾತು ನಿಷೇಧದ ಕಾನೂನು ಅನ್ವಯಿಸುವುದಿಲ್ಲವಲ್ಲ! ಸರ್ಕಾರದ ಕಟ್ಟುಪಾಡುಗಳಿಂದ ರೋಸಿ 1968ರಲ್ಲಿ ಅವನು ಮುಖ್ಯಸ್ಥನ ಸ್ಥಾನ ಬಿಟ್ಟ. 1975ರಲ್ಲಿ ಹಳೆಯ ಎದುರಾಳಿ ಪೆರ್ನೊ ಜೊತೆ ಕಂಪನಿ ಒಂದಾಯಿತು.

ಹೀಗೆ ದಾಳದ ತಟ್ಟೆಯನ್ನು ಮನೆಮಾತಾಗಿಸಿದ್ದರಲ್ಲಿ ನಿಷೇಧದ ಪಾಲು ದೊಡ್ಡದು. ಯುದ್ಧಕ್ಕೆ ಮುಂಚೆಯೂ ಇಂಥ ವಸ್ತುಗಳಿದ್ದವು, ಪಾಸ್ತಿಸ್ ಅಲ್ಲದ ಮದ್ಯಗಳೂ ಕೊಡುತ್ತಿದ್ದವು, ನಿಜ. ಆದರೂ ಬೇರೆ ದಾರಿ ಮುಚ್ಚಿದ ಕಂಪನಿ ಈ ಸಣ್ಣ ಸಾಮಾನುಗಳಿಗೆ ಸುರಿದ ಹಣ, ಹಚ್ಚಿದ ಬಣ್ಣ, ತೋರಿದ ಅಚ್ಚುಕಟ್ಟು ಬೇರೆಯದೇ.

1980ರ ಜುಲೈ 10ರಂದು ಐರೋಪ್ಯ ನ್ಯಾಯಾಲಯವು ಫ್ರಾನ್ಸಿನ ಈ ಗುಂಪು ವಿಂಗಡಣೆ ಆಮದು ಮದ್ಯಗಳಿಗೆ ಅನ್ಯಾಯ ಮಾಡುತ್ತದೆ ಎಂದು ತೀರ್ಪು ಕೊಟ್ಟಿತು. ಹಳೆಯ ಕಟ್ಟು ಸಡಿಲವಾಯಿತು. ಒಂದು ದಶಕ ಕಳೆಯುವಷ್ಟರಲ್ಲಿ ಎವಾಂ ಕಾನೂನು ಬಂದು ಎಲ್ಲ ಮದ್ಯಕ್ಕೂ ಒಂದೇ ಅಳತೆ ಹಿಡಿಯಿತು. ಆ ಕಾನೂನಿನ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಬಲ್ಲ ಯಾರೂ ತಕರಾರು ಎತ್ತಲಾರರು. ನನ್ನ ಸಿಟ್ಟು ಆಮೇಲೆ ನಡೆದದ್ದರ ಮೇಲೆ.

ಪೋಸ್ಟರ್ ಕಲಾವಿದ ಕಸಾಂದ್ರ್ 1932ರಲ್ಲಿ ದ್ಯುಬೊನೆಗಾಗಿ ಬರೆದ ಪೋಸ್ಟರು ಇಂದು ಕಲಾಕೃತಿ. ವಸ್ತುಸಂಗ್ರಹಾಲಯಗಳು ಅದನ್ನು ಗಾಜಿನ ಹಿಂದೆ ಇಡುತ್ತವೆ, ವಿನ್ಯಾಸದ ಪುಸ್ತಕಗಳು ಅಧ್ಯಾಯ ಬರೆಯುತ್ತವೆ. ಅದೇ ದ್ಯುಬೊನೆಯ ಹೆಸರು ಹೊತ್ತ ಆಟದ ಸಾಮಾನು ಹಳ್ಳಿಯ ಸಂತೆಯಲ್ಲಿ ತುಕ್ಕು ಹಿಡಿದ ಬೀಗಗಳ ನಡುವೆ ಬಿದ್ದಿರುತ್ತದೆ. ಪ್ಯಾರಿಸ್ ಪಕ್ಕದ ಇಸ್ಸಿ ಲೆ ಮೂಲಿನೋದಲ್ಲಿ ಇಸ್ಪೀಟಿಗೆಂದೇ ಒಂದು ಸಂಗ್ರಹಾಲಯವಿರುವುದು ಪುಣ್ಯ. ದಾಳದ ತಟ್ಟೆಗೆ ಅಂಥ ಭಾಗ್ಯವಿಲ್ಲ. ಪೋಸ್ಟರನ್ನು ಜನ ನೋಡಿದರು, ತಟ್ಟೆಯನ್ನು ಮುಟ್ಟಿ ಆಡಿದರು. ಮುಟ್ಟಿ ಆಡಿದ ವಸ್ತುವಿನಲ್ಲಿ ಒಂದು ಊರಿನ ಸಂಜೆಗಳ ಚರಿತ್ರೆ ಹೆಚ್ಚಿರುತ್ತದೆ: ಬನಾತು ಎಲ್ಲಿ ಸವೆದಿದೆ, ಯಾವ ಅಂಚು ಸಿಗರೇಟಿನಿಂದ ಸುಟ್ಟಿದೆ, ಕಳೆದ ದಾಳದ ಬದಲು ಯಾವುದನ್ನು ತಂದು ಸೇರಿಸಿದ್ದಾರೆ ಎಂಬುದೆಲ್ಲ ಅಲ್ಲಿ ಓದಲು ಸಿಗುತ್ತದೆ.

ಸಂಗ್ರಹಕಾರರು ಇವುಗಳ ಕಾಲ ಗೊತ್ತುಮಾಡುವ ಬಗೆ ಚೆಂದ. ಫ್ರಾನ್ಸಿನಲ್ಲಿ ಇಸ್ಪೀಟಿಗೆ ತೆರಿಗೆಯಿತ್ತು, ಅದರ ಮುದ್ರೆ ಕಳಾವರ ಎಕ್ಕದ ಮೇಲೆ ಬೀಳುತ್ತಿತ್ತು. 1945ರಲ್ಲಿ ಆ ತೆರಿಗೆ ಹೋಯಿತು. ಹಾಗಾಗಿ ಕಟ್ಟು ಕೈಗೆ ಬಂದೊಡನೆ ಅವರು ಮೊದಲು ಹುಡುಕುವುದು ಕಳಾವರ ಎಕ್ಕವನ್ನೇ. ಮುದ್ರೆಯಿದ್ದರೆ ಅದು ತೆರಿಗೆ ಹೋಗುವುದಕ್ಕೂ ಮುಂಚಿನದು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಅದೇ ಕೆಲಸ ಇಸ್ಪೀಟು ಎಕ್ಕದ್ದಾಗಿತ್ತು, ಅಲ್ಲಿ ಸುಂಕ ರದ್ದಾದದ್ದು 1960ರಲ್ಲಿ. ಅಮೆರಿಕದಲ್ಲಿ ಪೊಟ್ಟಣದ ಮೇಲೆ ತೆರಿಗೆ ಚೀಟಿ ಅಂಟಿಸುವ ಪದ್ಧತಿ 1965ರವರೆಗೂ ಇತ್ತು. ವಿಸ್ಕಿಯ ಹೆಸರಿರುವ ಕಟ್ಟುಗಳನ್ನು ಕೂಡಿಡುವವರು ಈ ಎರಡು ವರ್ಷಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆಮೇಲೆ ಗ್ರಿಮೊ, ದ್ಯುಕಾಲ್, ಬೋರ್ದೋವಿನ ಎರೋಂ ಎಂದು ತಯಾರಕರ ಹೆಸರು ನೋಡುತ್ತಾರೆ. ತಟ್ಟೆಯಾದರೆ ಮರವೋ, ಬೇಕಲೈಟೋ, ಪ್ಲಾಸ್ಟಿಕ್ಕೋ ಎಂಬುದೇ ಅರ್ಧ ಉತ್ತರ.

ಜಾಹೀರಾತಿನ ನಿಷೇಧವನ್ನು ಸುತ್ತಿಬಳಸಿ ಹೋಗುವ ಈ ಹಾದಿ ನಮಗೂ ಹೊಸದಲ್ಲ. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲದ ನಮ್ಮಲ್ಲಿ ಅದೇ ಹೆಸರುಗಳು ಸೋಡಾ, ಕುಡಿಯುವ ನೀರು, ಹಾಡಿನ ಸಿಡಿಗಳಾಗಿ ಬಂದವು. ಬೆಂಗಳೂರಿನ ಕಿಂಗ್‌ಫಿಶರ್ ಕ್ಯಾಲೆಂಡರಿನ ಹಾಳೆಗಳ ಮೇಲೂ ಹಾರಿತು. ಆದರೆ ನೀರು ಕುಡಿದು ಎಸೆದ ಬಾಟಲಿಯನ್ನು ಯಾರು ಎತ್ತಿಡುತ್ತಾರೆ? ನಾಲ್ಕು ಜನ ಎದುರುಬದುರು ಕೂತು ಗದ್ದಲ ಮಾಡಿದ ವಸ್ತುವನ್ನು ನಮ್ಮ ನಿಷೇಧ ಹುಟ್ಟಿಸಲಿಲ್ಲ.

ವ್ಯಾಪಾರಿಗಳು ಈ ಸೆಟ್ಟುಗಳನ್ನು ಒಡೆಯುತ್ತಿರುವುದೇ ಈಗಿನ ದೊಡ್ಡ ಕೇಡು. ಹೂಜಿಗೆ ಬೆಲೆ ಜಾಸ್ತಿ, ಅದು ಬೇರೆ ಹೋಗುತ್ತದೆ. ದಾಳಗಳು ಒಂದು ಕಡೆ, ಬಿಲ್ಲೆಗಳು ಡಬ್ಬಿಗೆ ಸುರಿದು ಹಿಡಿಗೆ ಇಷ್ಟು ಎಂದು ಇನ್ನೊಂದು ಕಡೆ. ಖಾಲಿ ತಟ್ಟೆಯನ್ನು ಹೂವಿನ ಕುಂಡದ ಕೆಳಗಿಡಲು ಕೊಂಡುಹೋಗುತ್ತಾರೆ. ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ತಟ್ಟೆಯ ಜೊತೆ ಬಿಲ್ಲೆಗಳನ್ನೂ ಕೇಳಿ, ಎಣಿಸಿ ನೋಡಿ. ಇಪ್ಪತ್ತೊಂದೂ ಇಲ್ಲದಿದ್ದರೂ ಚಿಂತೆಯಿಲ್ಲ, ಇದ್ದಷ್ಟನ್ನು ಅದೇ ತಟ್ಟೆಯ ಜೊತೆಗೇ ಇಟ್ಟುಕೊಳ್ಳಿ. ಬೇರೆ ಕಂಪನಿಯ ಬಿಲ್ಲೆ ಸೇರಿಸಿ ಲೆಕ್ಕ ತುಂಬಿಸಿದ್ದರೆ, ಮುಂದೆ ಮಾರುವಾಗ ಅದನ್ನು ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಅಡಿಗೆ ಅಂಟಿಸಿ.