ಪರಹಿತದ ಓಟ ಮತ್ತು ದೇಹದ ಮಿತಿ

ಅನ್ಯರ ಚಿಕಿತ್ಸೆಗೋ ವಿದ್ಯೆಗೋ ಧನ ಸಂಗ್ರಹಿಸಲು ಮ್ಯಾರಥಾನ್ ಓಡುವುದು ಶ್ಲಾಘ್ಯವಾದುದು. ಆದರೆ ಅದರ ದೂರ 42.195 ಕಿಲೋಮೀಟರ್. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಕರಾವಳಿಯಲ್ಲಿ ಗಾಳಿಯ ತೇವ ಅಧಿಕ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ದೇಹ ತಣಿಯದು. ಮರವಂತೆಯ ಕಡಲಗಾಳಿ ಹಿತವೆನಿಸಿದರೂ ಈ ನಿಯಮ ತಪ್ಪದು.

ಆದುದರಿಂದ ನಾವು ಸೂರ್ಯೋದಯಕ್ಕೆ ಮುನ್ನವೇ ಅಭ್ಯಾಸ ಆರಂಭಿಸೋಣ, ಹಲವು ತಿಂಗಳುಗಳ ಕಾಲ ದೂರವನ್ನು ವಾರವಾರವೂ ಸ್ವಲ್ಪವೇ ಹೆಚ್ಚಿಸೋಣ, ನಡುನಡುವೆ ವಿಶ್ರಮಿಸೋಣ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಬಾಯಾರಿಕೆಗೆ ತಕ್ಕಷ್ಟೇ ಕುಡಿಯೋಣ. ಉಪ್ಪು ಬೆರೆಸಿದ ಗಂಜಿತಿಳಿಯೂ ಜೊತೆಗಿರಲಿ.

ತಲೆಸುತ್ತು, ವಾಕರಿಕೆ, ಬುದ್ಧಿಯ ಗೊಂದಲ ಕಂಡರೆ ಕೂಡಲೇ ನಿಲ್ಲಬೇಕು. ಮೈಗೆ ತಣ್ಣೀರು ಸುರಿಸಿ ವೈದ್ಯರ ನೆರವು ಪಡೆಯಬೇಕು. ದಾನಿಗಳಿಗೆ ಮಾತು ಕೊಟ್ಟಿದ್ದೇವೆಂಬ ಹಟ ಸಲ್ಲದು. ಓಟ ಅರ್ಧಕ್ಕೆ ನಿಂತರೂ ದಾನ ವ್ಯರ್ಥವಾಗದು. ಹೋದ ಜೀವ ಮರಳದು.