ರಸಗೊಬ್ಬರದ ಬೆಲೆ ಏರಿಕೆಗೆ ವಿರೋಧ: 1991-92ರ ಲೆಕ್ಕ

ಯೂರಿಯಾ ಚೀಲದ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆಂಬುದು ನಿಮಗೆ ತಿಳಿದ ವಿಷಯವೇ. ಆದರೆ ಸರ್ಕಾರ ಒಂದು ಬೆಲೆ ಸಾರಿ, ಹದಿಮೂರೇ ದಿನಗಳಲ್ಲಿ ಅದನ್ನು ಇಳಿಸಬೇಕಾಗಿ ಬಂದ ಪ್ರಸಂಗವೊಂದು 1991ರಲ್ಲಿ ನಡೆಯಿತು. ಅದಾದ ಒಂದು ವರ್ಷದಲ್ಲಿ ಮಾಡಿದ ಇನ್ನೊಂದು ಬದಲಾವಣೆಯ ಫಲವನ್ನು ನಮ್ಮ ಹೊಲಗಳು ಇಂದಿಗೂ ಉಣ್ಣುತ್ತಿವೆ. ಆದುದರಿಂದ ಈ ಸಂಗತಿಯನ್ನು ಬೆಳೆಗಾರರು ಕ್ರಮವಾಗಿ ತಿಳಿದುಕೊಳ್ಳುವುದು ಉಪಯುಕ್ತ.

1990ರ ಆಗಸ್ಟಿನಲ್ಲಿ ಇರಾಕ್ ದೇಶವು ಕುವೈತಿನ ಮೇಲೆ ನುಗ್ಗಿತು. ತೈಲದ ಬೆಲೆ ಏರಿತು. ಮೊದಲೇ ಸಾಲದಲ್ಲಿದ್ದ ನಮ್ಮ ದೇಶದ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗುತ್ತ ಬಂದು, 1991ರ ಮಧ್ಯಭಾಗದ ವೇಳೆಗೆ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಉಳಿಯಿತು. ಮನೆಯಲ್ಲಿ ಕಷ್ಟ ಬಂದಾಗ ಒಡವೆ ಅಡವಿಡುವಂತೆ ರಿಸರ್ವ್ ಬ್ಯಾಂಕು ಆ ಜುಲೈ ತಿಂಗಳಲ್ಲಿ ಸುಮಾರು 47 ಟನ್ ಚಿನ್ನವನ್ನು ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಒತ್ತೆ ಇಟ್ಟಿತು. ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವೂ ಆಯಿತು.

ಜುಲೈ 24ರಂದು ಹಣಕಾಸು ಸಚಿವ ಡಾ. ಮನಮೋಹನ ಸಿಂಗ್ ಅವರು ಮಂಡಿಸಿದ ಮುಂಗಡ ಪತ್ರದಲ್ಲಿ ರಸಗೊಬ್ಬರದ ಬೆಲೆಯನ್ನು ಶೇಕಡಾ 40ರಷ್ಟು ಏರಿಸಲಾಯಿತು. ಯೂರಿಯಾ ಟನ್ನಿಗೆ 2,350 ರೂಪಾಯಿ ಇದ್ದದ್ದು 3,300 ಆಯಿತು. ಹಿಂದಿನ ಬೆಲೆ 1981ರ ಜುಲೈ ತಿಂಗಳದು. ನಡುವೆ ಕೆಲವು ವರ್ಷ ಇನ್ನೂ ಕಡಿಮೆಯಾಗಿತ್ತೇ ಹೊರತು ಅದರ ಮೇಲೆ ಏರಿರಲಿಲ್ಲ. ಸರ್ಕಾರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಗೊಬ್ಬರದ ಸಹಾಯಧನ 1980-81ರಲ್ಲಿ ಸುಮಾರು 500 ಕೋಟಿ ರೂಪಾಯಿ ಇದ್ದದ್ದು 1990-91ರಲ್ಲಿ ಸುಮಾರು 4,400 ಕೋಟಿಗೆ ಮುಟ್ಟಿತ್ತು.

ವಿರೋಧಿಸಿದವರ ವಾದವನ್ನೂ ನೋಡಿರಿ. ಈ ಸಹಾಯಧನವೆಲ್ಲ ರೈತನ ಕೈ ಸೇರುತ್ತಿರಲಿಲ್ಲ. 1977ರಿಂದ ಜಾರಿಯಲ್ಲಿದ್ದ ಪದ್ಧತಿಯ ಪ್ರಕಾರ ಪ್ರತಿಯೊಂದು ಕಾರ್ಖಾನೆಗೂ ಅದರದೇ ಉತ್ಪಾದನಾ ವೆಚ್ಚ ಮತ್ತು ಬಂಡವಾಳದ ಮೇಲೆ ಶೇಕಡಾ 12ರ ಪ್ರತಿಫಲ ಸಿಗುವಂತೆ ಲೆಕ್ಕ ಕಟ್ಟಲಾಗುತ್ತಿತ್ತು. ದುಬಾರಿಯಾಗಿ ತಯಾರಿಸುವ ಕಾರ್ಖಾನೆಗೆ ಹೆಚ್ಚು ಹಣ, ಮಿತವ್ಯಯದ ಕಾರ್ಖಾನೆಗೆ ಕಡಿಮೆ. ಕಾರ್ಖಾನೆಯ ಖರ್ಚನ್ನು ತಗ್ಗಿಸದೆ ರೈತನ ಚೀಲದ ಬೆಲೆಯನ್ನೇ ಏರಿಸುವುದು ಯಾವ ನ್ಯಾಯ ಎಂದು ಕೇಳಿದವರಿಗೆ ಉತ್ತರ ಹೇಳುವುದು ಸುಲಭವಿರಲಿಲ್ಲ.

ಎಡಪಕ್ಷಗಳು, ಜನತಾದಳ, ಭಾರತೀಯ ಜನತಾ ಪಕ್ಷ ಇವೆಲ್ಲ ವಿರೋಧಿಸಿದ್ದು ನಿರೀಕ್ಷಿತವೇ. ಆದರೆ ಆಳುವ ಕಾಂಗ್ರೆಸ್ ಪಕ್ಷದ ಗ್ರಾಮಾಂತರ ಕ್ಷೇತ್ರಗಳ ಸದಸ್ಯರೂ ತಮ್ಮ ಸಚಿವರ ಮೇಲೆಯೇ ತಿರುಗಿಬಿದ್ದರು. ಪ್ರಧಾನಿ ಪಿ. ವಿ. ನರಸಿಂಹರಾವ್ ಅವರ ಸರ್ಕಾರಕ್ಕೆ ಲೋಕಸಭೆಯಲ್ಲಿ ಸ್ವಂತ ಬಹುಮತವಿರಲಿಲ್ಲ. ಹಣಕಾಸು ಮಸೂದೆ ಬಿದ್ದುಹೋದರೆ ಸರ್ಕಾರವೇ ಬೀಳುತ್ತದೆ. ಹೀಗಿರುವಾಗ ಹಟ ಹಿಡಿಯುವುದು ಸಾಧ್ಯವಿರಲಿಲ್ಲ. ಆಗಸ್ಟ್ 6ರಂದು ಏರಿಕೆಯನ್ನು ಶೇಕಡಾ 30ಕ್ಕೆ ಇಳಿಸಲಾಯಿತು. ಸಣ್ಣ ಹಾಗೂ ಅತಿಸಣ್ಣ ರೈತರಿಗೆ ಏರಿಕೆಯೇ ಇಲ್ಲವೆಂದು ಹೇಳಲಾಯಿತು. ಒಂದೇ ಗೊಬ್ಬರಕ್ಕೆ ಎರಡು ಬೆಲೆ ಎಂದಮೇಲೆ ಯಾರು ಸಣ್ಣ ರೈತ ಎಂಬುದನ್ನು ತೀರ್ಮಾನಿಸಬೇಕು. ಅಣ್ಣತಮ್ಮಂದಿರ ಹೆಸರಿಗೆ ಪಹಣಿ ಬದಲಾಗದ ಹಿಡುವಳಿಗಳಲ್ಲಿ ಇದೆಷ್ಟು ತೊಡಕಿನ ಕೆಲಸವೆಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ.

ರೈತ ಸಂಘಟನೆಗಳೆಲ್ಲ ಒಂದೇ ದನಿಯಲ್ಲಿ ಮಾತಾಡಿದವೆಂದು ಭಾವಿಸಬಾರದು. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿಯವರು ಮುಕ್ತ ಮಾರುಕಟ್ಟೆಯ ಪರವಾಗಿದ್ದರು. ಬೆಳೆದದ್ದನ್ನು ಕಟ್ಟುಪಾಡಿಲ್ಲದೆ ಮಾರಲು ಬಿಟ್ಟರೆ ರೈತನಿಗೆ ಸಹಾಯಧನದ ಹಂಗು ಬೇಡವೆಂಬುದು ಅವರ ನಿಲುವು. ನಮ್ಮ ಕರ್ನಾಟಕ ರಾಜ್ಯ ರೈತ ಸಂಘದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ದಾರಿ ಇದಕ್ಕೆ ತೀರ ವಿರುದ್ಧ. ವಿಶ್ವ ವ್ಯಾಪಾರದ ಡಂಕೆಲ್ ಕರಡನ್ನೂ, ಬಿತ್ತನೆ ಬೀಜದ ಮೇಲೆ ವಿದೇಶಿ ಕಂಪನಿಗಳ ಹಕ್ಕನ್ನೂ ಸಂಘ ವಿರೋಧಿಸಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ಅದರ ಕಾರ್ಯಕರ್ತರು ನುಗ್ಗಿದ್ದು ಹಲವರ ನೆನಪಿನಲ್ಲಿರಬಹುದು. ಈ ಗದ್ದಲದ ನಡುವೆ ಗೊಬ್ಬರದ ವಿಷಯದಲ್ಲಾದ ಎರಡನೆಯ ಬದಲಾವಣೆಗೆ ಅದಕ್ಕೆ ತಕ್ಕ ಗಮನ ದೊರೆಯಲಿಲ್ಲವೆಂದೇ ಹೇಳಬೇಕು.

ಆ ಬದಲಾವಣೆ ಬಂದದ್ದು 1992ರ ಆಗಸ್ಟ್ 25ರಂದು. ಸಂಸತ್ತಿನ ಜಂಟಿ ಸಮಿತಿಯ ವರದಿಯ ಹಿಂದೆಯೇ ಸರ್ಕಾರವು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣವನ್ನು ತೆಗೆದುಹಾಕಿತು. ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲಿಯೇ ಉಳಿಸಿಕೊಂಡು ಅದರ ಬೆಲೆಯನ್ನು ಶೇಕಡಾ 10ರಷ್ಟು ಇಳಿಸಿತು. ಎಲ್ಲರ ಕಣ್ಣಿದ್ದದ್ದು ಯೂರಿಯಾ ಚೀಲದ ಮೇಲೆ. ಅದು ಅಗ್ಗವಾಯಿತು, ಸಿಟ್ಟು ತಣಿಯಿತು. ಪೊಟ್ಯಾಷ್ ಪೂರ್ತಿಯಾಗಿ ಹೊರದೇಶದಿಂದ ಬರುವ ವಸ್ತು. ರಂಜಕದ ಗೊಬ್ಬರಕ್ಕೆ ಬೇಕಾದ ಕಚ್ಚಾವಸ್ತುವೂ ಬಹುಪಾಲು ಆಮದೇ. ರೂಪಾಯಿ ಅಪಮೌಲ್ಯವಾದ ಮೇಲೆ ಇವುಗಳ ಬೆಲೆ ಹಿಡಿತ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಟನ್ನಿಗೆ ಸಾವಿರ ರೂಪಾಯಿ ರಿಯಾಯಿತಿ ಕೊಟ್ಟರೂ ಪೊಟ್ಯಾಷಿನ ಬೆಲೆ ಎರಡು ಪಟ್ಟು ಮೀರಿತು.

ಇದನ್ನು ನೀರಾವರಿ ರಾಗಿಯ ಒಂದು ಹೆಕ್ಟೇರಿಗೆ ಇಳಿಸಿ ನೋಡೋಣ. ಶಿಫಾರಸು 100 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್. ಇದಕ್ಕೆ ಸುಮಾರು 109 ಕಿಲೋ ಡಿಎಪಿ, 175 ಕಿಲೋ ಯೂರಿಯಾ, 83 ಕಿಲೋ ಮ್ಯುರಿಯೇಟ್ ಆಫ್ ಪೊಟ್ಯಾಷ್ ಬೇಕು. 1991ರ ಜುಲೈ ಬೆಲೆಯಲ್ಲಿ ಇದರ ಖರ್ಚು ಸುಮಾರು 1,280 ರೂಪಾಯಿ. ಆಗಸ್ಟಿನಲ್ಲಿ ಇಳಿಸಿದ ಬೆಲೆಯಲ್ಲಿ ಸುಮಾರು 1,190. ಅಂದರೆ ಸಂಸತ್ತಿನಲ್ಲಿ ನಡೆದ ವಿರೋಧದಿಂದ ರೈತನಿಗೆ ಹೆಕ್ಟೇರಿಗೆ ಉಳಿದದ್ದು ಸುಮಾರು 90 ರೂಪಾಯಿ. ಮರುವರ್ಷ ಯೂರಿಯಾ ಇಳಿದದ್ದರಿಂದ ಇನ್ನೊಂದು 50 ರೂಪಾಯಿ ಉಳಿಯಿತು. ಆದರೆ ಕಡಿಮೆ ಲೆಕ್ಕ ಹಿಡಿದು ಡಿಎಪಿ ಟನ್ನಿಗೆ 6,000, ಪೊಟ್ಯಾಷ್ 3,400 ಎಂದಿಟ್ಟುಕೊಂಡರೂ ಇವೆರಡರಿಂದ ಹೆಚ್ಚಿದ ಹೊರೆ ಸುಮಾರು 285 ರೂಪಾಯಿ. ಗೆದ್ದ ಹಣವೆಲ್ಲ ಹೋಗಿ ಮೇಲೆ ಸುಮಾರು 145 ರೂಪಾಯಿ ಕೈಯಿಂದ ಬಿತ್ತು.

ಕೈಯಲ್ಲಿ ಹಣ ಕಡಿಮೆಯಿದ್ದಾಗ ರೈತ ಏನು ಮಾಡುತ್ತಾನೆ? ಅಗ್ಗದ್ದನ್ನು ಹಾಕುತ್ತಾನೆ, ತುಟ್ಟಿಯದನ್ನು ಬಿಡುತ್ತಾನೆ. ದೇಶದಲ್ಲೆಲ್ಲ ಹಾಗೆಯೇ ಆಯಿತು. 1991-92ರಿಂದ 1992-93ಕ್ಕೆ ಸಾರಜನಕದ ಬಳಕೆ 80.5 ಲಕ್ಷ ಟನ್ನಿನಿಂದ 84.3 ಲಕ್ಷಕ್ಕೆ ಏರಿತು. ರಂಜಕ 33.2ರಿಂದ 28.4 ಲಕ್ಷ ಟನ್ನಿಗೆ, ಪೊಟ್ಯಾಷ್ 13.6ರಿಂದ 8.8 ಲಕ್ಷ ಟನ್ನಿಗೆ ಕುಸಿದವು. ದೇಶದ ಒಟ್ಟು ಬಳಕೆಯಲ್ಲಿ 4:2:1 ಇರಬೇಕೆನ್ನುವ ಪ್ರಮಾಣ 5.9:2.4:1 ಇದ್ದದ್ದು 9.5:3.2:1 ಆಯಿತು.

ಈ ಹಾನಿ ಮೊದಲ ವರ್ಷ ಕಣ್ಣಿಗೆ ಕಾಣುವುದಿಲ್ಲ. ಯೂರಿಯಾ ಬಿದ್ದ ಪೈರು ಕಡುಹಸಿರಾಗಿ ಸೊಂಪಾಗಿ ಬೆಳೆಯುತ್ತದೆ. ಪೊಟ್ಯಾಷ್ ಸಾಲದ ಕಾಂಡ ಮೆತುವಾಗಿ ತೆನೆ ತೂಗುವ ಹೊತ್ತಿಗೆ ಮಗ್ಗುಲಾಗುತ್ತದೆ, ಕಾಳು ಜೊಳ್ಳಾಗುತ್ತದೆ, ರೋಗಕೀಟಗಳ ಹಾವಳಿ ಹೆಚ್ಚುತ್ತದೆ. ಮಣ್ಣಿನಲ್ಲಿ ಮೊದಲೇ ಇದ್ದ ಪೊಟ್ಯಾಷ್ ಕೆಲವು ಬೆಳೆ ತಡೆದುಕೊಳ್ಳುತ್ತದೆಯಾದ್ದರಿಂದ ತಪ್ಪು ಎಲ್ಲಿಯದೆಂದು ಗೊತ್ತಾಗುವುದೂ ತಡ. ಸರ್ಕಾರ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಭತ್ತದ ಬೆಂಬಲ ಬೆಲೆಯನ್ನು 1990-91ರ ಕ್ವಿಂಟಾಲಿಗೆ 205 ರೂಪಾಯಿಯಿಂದ 1993-94ರಲ್ಲಿ 310ಕ್ಕೆ ಏರಿಸಿತು. ಆದರೆ ಅದು ದೊರೆಯುವುದು ಖರೀದಿ ಕೇಂದ್ರಕ್ಕೆ ಮಾರುವಷ್ಟು ಭತ್ತ ಉಳ್ಳವರಿಗೆ.

2010ರ ಏಪ್ರಿಲಿನಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಬಂದಾಗಲೂ ಯೂರಿಯಾವನ್ನು ಅದರ ಹೊರಗೇ ಇಡಲಾಯಿತು. ಯೂರಿಯಾ ಬೆಲೆ ಮುಟ್ಟಿದರೆ ಏನಾದೀತೆಂಬ ಅಂಜಿಕೆ ಹತ್ತೊಂಬತ್ತು ವರ್ಷವಾದರೂ ಹೋಗಿರಲಿಲ್ಲ. 2009-10ರಲ್ಲಿ 4.3:2:1 ಇದ್ದ ಪ್ರಮಾಣ 2012-13ರಲ್ಲಿ 8.2:3.2:1ಕ್ಕೆ ಹೋಯಿತು.

ಆದಕಾರಣ ಮುಂದೆ ಬೆಲೆ ಬದಲಾವಣೆಯ ಸುದ್ದಿ ಬಂದಾಗ, ಪರವಾಗಿರಲಿ ವಿರೋಧವಾಗಿರಲಿ, ಚೀಲದ ಬೆಲೆಯನ್ನಷ್ಟೇ ನೋಡದೆ ಪೋಷಕಾಂಶದ ಕಿಲೋ ಬೆಲೆಯನ್ನು ತೆಗೆಯಿರಿ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕವಿದೆ. 50 ಕಿಲೋ ಮ್ಯುರಿಯೇಟ್ ಆಫ್ ಪೊಟ್ಯಾಷ್ ಚೀಲದಲ್ಲಿ 30 ಕಿಲೋ ಪೊಟ್ಯಾಷ್ ಇದೆ. ಚೀಲದ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ, ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿರಿ. ಮಣ್ಣು ಪರೀಕ್ಷೆಯ ಚೀಟಿಯೂ ಜೊತೆಗಿದ್ದರೆ ಯಾವುದನ್ನು ಎಷ್ಟು ಕಡಿಮೆ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದು ಅಂಗಡಿಗೆ ಹೋಗುವ ಮೊದಲೇ ತಿಳಿಯುತ್ತದೆ.